ನಿಮ್ಮ ಫೋನಿನ ಕೊನೆಯ ತಾರೀಖು ಯಾವುದು?

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಳೆಯ ವಿದ್ಯಾರ್ಥಿಗಳು ತಂತಮ್ಮ ಕೆಲಸದಿಂದ ಊರಿಗೆ ಉಪಯೋಗವಾಗುವ ಒಂದು ವಿಷಯ ಹೇಳಬೇಕು ಎಂದು ಸಮಿತಿಯವರು ಸೂಚಿಸಿದ್ದಾರೆ. ಡಾಕ್ಟರಾದವರು ಸಕ್ಕರೆ ಕಾಯಿಲೆಯ ಬಗ್ಗೆ ಹೇಳಿದರು, ಕೃಷಿ ಇಲಾಖೆಯಲ್ಲಿರುವವರು ಮಣ್ಣು ಪರೀಕ್ಷೆಯ ಬಗ್ಗೆ ಹೇಳಿದರು. ನನ್ನ ಕೆಲಸ ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳನ್ನು ಪರೀಕ್ಷೆ ಮಾಡುವುದು. ನಮ್ಮ ಕಚೇರಿಯಲ್ಲಿ ಒಂದು ಕಪಾಟಿನ ತುಂಬ ಫೋನುಗಳಿವೆ. ಹೊಸವು ಕಡಿಮೆ, ಹಳೆಯವೇ ಜಾಸ್ತಿ. ಒಂದೇ ಆ್ಯಪನ್ನು ಅವೆಲ್ಲದರಲ್ಲಿ ಹಾಕಿ ನೋಡುತ್ತೇವೆ. ಒಂದರಲ್ಲಿ ಸರಿಯಾಗಿ ನಡೆಯುತ್ತದೆ, ಇನ್ನೊಂದರಲ್ಲಿ ಅಕ್ಷರ ಕೆಡುತ್ತದೆ, ಮತ್ತೊಂದರಲ್ಲಿ ತೆರೆಯುವುದೇ ಇಲ್ಲ. ಎಲ್ಲದರ ಮೇಲೂ ಆಂಡ್ರಾಯ್ಡ್ ಎಂಬ ಒಂದೇ ಹೆಸರಿದೆ. ಹೆಸರು ಒಂದೇ ಆದರೂ ಒಳಗಿನ ಹುರುಳು ಏಕೆ ಬೇರೆ, ಅದರಿಂದ ನಮ್ಮಂಥ ಊರಿನವರಿಗೆ ಏನು ನಷ್ಟ, ಏನು ಮಾಡಬಹುದು ಎಂಬುದೇ ನನ್ನ ಇವತ್ತಿನ ವಿಷಯ.

ಗೊಬ್ಬರದ ಅಂಗಡಿಯಲ್ಲಿ ಬಿತ್ತನೆ ಬೀಜದ ಪೊಟ್ಟಣ ಕೊಂಡರೆ ಅದರ ಮೇಲೆ ಅವಧಿಯ ತಾರೀಖು ಇರುತ್ತದೆ. ಔಷಧಿ ಅಂಗಡಿಯ ಮಾತ್ರೆಯ ಮೇಲೂ ಇರುತ್ತದೆ, ಬೇಕರಿಯ ಬ್ರೆಡ್ಡಿನ ಮೇಲೂ ಇರುತ್ತದೆ. ಹತ್ತು ಸಾವಿರ ರೂಪಾಯಿ ಕೊಟ್ಟು ತರುವ ಫೋನಿನ ಪೆಟ್ಟಿಗೆ ತಿರುಗಿಸಿ ನೋಡಿ. ತಯಾರಾದ ತಿಂಗಳು ಇದೆ, ಬೆಲೆ ಇದೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ದಪ್ಪ ಅಕ್ಷರದಲ್ಲಿ ಇದೆ. ಈ ಫೋನಿಗೆ ಯಾವ ತಾರೀಖಿನವರೆಗೆ ಕಂಪನಿ ಭದ್ರತಾ ಅಪ್‌ಡೇಟ್ ಕಳಿಸುತ್ತದೆ ಎಂಬ ಸಾಲನ್ನು ಮಾತ್ರ ನಮ್ಮ ಕಡೆಯ ಅಂಗಡಿಗಳ ಪೆಟ್ಟಿಗೆಯ ಮೇಲೆ ನಾನು ಕಂಡಿಲ್ಲ. ಆ ತಾರೀಖು ಇಲ್ಲವೆಂದಲ್ಲ, ಇದ್ದೇ ಇದೆ. ಗಾಜು ಒಡೆಯದಿದ್ದರೂ ಬ್ಯಾಟರಿ ಸತ್ತಿರದಿದ್ದರೂ ಆ ತಾರೀಖು ದಾಟಿದ ಮೇಲೆ ಫೋನು ಬೇಲಿ ಬಿದ್ದ ಹೊಲದಂತೆ. ಇದನ್ನು ಎಲ್ಲರೂ ತಿಳಿದಿರಬೇಕು ಎಂಬುದಷ್ಟೇ ನನ್ನ ಮಾತಿನ ಸಾರ.

ಮೊದಲು ಆಪರೇಟಿಂಗ್ ಸಿಸ್ಟಂ ಎಂದರೇನು ಎಂದು ಮಕ್ಕಳಿಗಾಗಿ ಹೇಳುತ್ತೇನೆ. ಶಾಲೆಯಲ್ಲಿ ಬೀಗದ ಕೈ ಗೊಂಚಲು ಜವಾನರ ಹತ್ತಿರ ಇರುತ್ತದಲ್ಲ? ಪ್ರಯೋಗಾಲಯ ಯಾರಿಗೆ ತೆಗೆಯಬೇಕು, ಆಟದ ಸಾಮಾನಿನ ಕೋಣೆ ಯಾವಾಗ ತೆಗೆಯಬೇಕು, ಕಚೇರಿಯೊಳಗೆ ಯಾರನ್ನು ಬಿಡಬಾರದು, ಎಲ್ಲ ಅವರಿಗೆ ಗೊತ್ತು. ಫೋನಿನ ಒಳಗೆ ಈ ಕೆಲಸ ಮಾಡುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಕ್ಯಾಮೆರಾ, ಮೈಕು, ಫೋಟೋ, ಸಂದೇಶ, ಬ್ಯಾಂಕಿನ ಆ್ಯಪು, ಎಲ್ಲದರ ಬೀಗದ ಕೈ ಅದರ ಹತ್ತಿರ. ಅದು ಎಚ್ಚರವಾಗಿದ್ದರೆ ಮನೆ ಭದ್ರ. ಅದರ ಕಣ್ಣು ತಪ್ಪಿಸುವ ದಾರಿ ಕಳ್ಳನಿಗೆ ಸಿಕ್ಕರೆ ಎಲ್ಲ ಕೋಣೆಯೂ ಅವನದೇ.

ನಮ್ಮ ಊರಿನ ಹೆಚ್ಚಿನ ಫೋನುಗಳಲ್ಲಿ ಇರುವುದು ಆಂಡ್ರಾಯ್ಡ್. ಆ ಹೆಸರಿನ ಸಣ್ಣ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡಿತು. ಮೊದಲ ಆಂಡ್ರಾಯ್ಡ್ ಫೋನು ಅಮೆರಿಕದಲ್ಲಿ 2008ರಲ್ಲಿ ಮಾರಾಟಕ್ಕೆ ಬಂತು. ಗೂಗಲ್ ಅದರ ಮೂಲ ಸಂಕೇತವನ್ನು ಬಚ್ಚಿಡಲಿಲ್ಲ. ಯಾವ ಕಂಪನಿ ಬೇಕಾದರೂ ತೆಗೆದುಕೊಂಡು, ತನಗೆ ಬೇಕಾದ ಹಾಗೆ ಬದಲಿಸಿ, ಫೋನು ಮಾಡಬಹುದು ಎಂದಿತು. ಒಂದೇ ಥಾನಿನ ಬಟ್ಟೆ ಎಲ್ಲ ದರ್ಜಿಗಳಿಗೂ ಸಿಕ್ಕ ಹಾಗಾಯಿತು. ಒಬ್ಬ ತೋಳು ಉದ್ದ ಮಾಡಿದ, ಒಬ್ಬ ಜೇಬು ಜಾಸ್ತಿ ಇಟ್ಟ, ಇನ್ನೊಬ್ಬ ಗುಂಡಿಯ ಬಣ್ಣ ಬದಲಿಸಿದ. ಇದರಿಂದ ಆದ ಉಪಕಾರವನ್ನು ಮರೆಯಬಾರದು. ಐದಾರು ಸಾವಿರಕ್ಕೆ ಸ್ಮಾರ್ಟ್‌ಫೋನ್ ಸಿಕ್ಕಿದ್ದು ಇದರಿಂದಲೇ. 2021ರಲ್ಲಿ ಗೂಗಲ್ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಸಾಧನಗಳು 300 ಕೋಟಿಗೂ ಹೆಚ್ಚು.

ಆದರೆ ದರ್ಜಿಗಳು ಹೆಚ್ಚಾದಷ್ಟೂ ಅಳತೆಗಳೂ ಹೆಚ್ಚಾದವು. ಓಪನ್‌ಸಿಗ್ನಲ್ ಎಂಬ ಸಂಸ್ಥೆ ತನ್ನ ಆ್ಯಪ್ ಹಾಕಿಕೊಂಡ ಆಂಡ್ರಾಯ್ಡ್ ಸಾಧನಗಳಲ್ಲಿ ಎಷ್ಟು ಬಗೆಯ ಮಾದರಿಗಳಿವೆ ಎಂದು ಎಣಿಸಿತು. 2012ರಲ್ಲಿ 3,997 ಬಗೆ ಇದ್ದವು. 2015ರಲ್ಲಿ 24,093 ಆಗಿದ್ದವು. ಮೂರೇ ವರ್ಷದಲ್ಲಿ ಆರು ಪಟ್ಟು. ಇವುಗಳಲ್ಲಿ ಒಂದೊಂದರ ಆವೃತ್ತಿ ಒಂದೊಂದು, ಚಿಪ್ಪು ಒಂದೊಂದು, ಪರದೆಯ ಅಳತೆ ಒಂದೊಂದು. ಇದನ್ನೇ ನಮ್ಮ ವೃತ್ತಿಯವರು ಆಂಡ್ರಾಯ್ಡಿನ ಒಡಕು ಎನ್ನುವುದು.

ಈ ಒಡಕನ್ನು ಕನ್ನಡದವರು ಕಣ್ಣಾರೆ ಕಂಡಿದ್ದೇವೆ. ಹತ್ತು ಹನ್ನೆರಡು ವರ್ಷದ ಹಿಂದೆ ಫೋನಿನಲ್ಲಿ ಕನ್ನಡ ಸಂದೇಶ ಬಂದರೆ ಅಕ್ಷರದ ಬದಲು ಖಾಲಿ ಚೌಕಗಳು ಕಾಣುತ್ತಿದ್ದುದು ನೆನಪಿದೆಯೇ? ಕಳಿಸಿದವರ ಫೋನಿನಲ್ಲಿ ಚೆನ್ನಾಗಿಯೇ ಇರುತ್ತಿತ್ತು, ನಮ್ಮದರಲ್ಲಿ ಚೌಕ. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಗೂಗಲ್ ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ಸೇರಿಸಿತು. ಆದರೆ ಅದಕ್ಕಿಂತ ಹಿಂದಿನ ಆವೃತ್ತಿಯ ಫೋನು ಕೊಂಡು ಅಪ್‌ಡೇಟ್ ಸಿಗದೇ ಉಳಿದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಗೂಗಲ್‌ನವರು ಕನ್ನಡ ಕಲಿಸಿದ್ದರು, ಆ ಪಾಠ ಈ ಫೋನುಗಳ ತನಕ ಬರಲೇ ಇಲ್ಲ. ಈಗಲೂ ಹೊಸ ಎಮೋಜಿ ಕಳಿಸಿದರೆ ಹಳೆಯ ಫೋನಿನಲ್ಲಿ ಚೌಕವೇ ಕಾಣುತ್ತದೆ.

ಎಮೋಜಿ ಕಾಣದಿದ್ದರೆ ಯಾರಿಗೂ ನಷ್ಟವಿಲ್ಲ. ನಷ್ಟವಾಗುವುದು ಭದ್ರತೆಯ ವಿಷಯದಲ್ಲಿ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು-ಒಪ್ಪು’ ಎಂಬ ಪುಟ ಇರುತ್ತಿತ್ತು. ಅಚ್ಚಾದ ಮೇಲೆ ಕಂಡ ತಪ್ಪುಗಳ ಪಟ್ಟಿ. ತಂತ್ರಾಂಶವೂ ಮನುಷ್ಯರು ಬರೆದದ್ದೇ. ಲಕ್ಷಾಂತರ ಸಾಲುಗಳಲ್ಲಿ ತಪ್ಪು ಉಳಿದೇ ಉಳಿಯುತ್ತದೆ. ಕೆಲವು ತಪ್ಪುಗಳು ಕಳ್ಳನು ನುಗ್ಗುವ ಕಿಂಡಿಗಳು. ಅಂಥ ಕಿಂಡಿ ಪತ್ತೆಯಾದಾಗ ಮುಚ್ಚಲು ಕಳಿಸುವ ತಿದ್ದುಪಡಿಯೇ ಭದ್ರತಾ ಅಪ್‌ಡೇಟ್. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ತಪ್ಪು-ಒಪ್ಪಿನ ಪಟ್ಟಿ ಪ್ರಕಟವಾದ ದಿನ ಅದನ್ನು ಒಳ್ಳೆಯವರೂ ಓದುತ್ತಾರೆ, ಕಳ್ಳರೂ ಓದುತ್ತಾರೆ. ತಿದ್ದುಪಡಿ ಸಿಕ್ಕ ಫೋನಿಗೆ ಭಯವಿಲ್ಲ. ಸಿಗದ ಫೋನಿನ ಕಿಂಡಿ ಎಲ್ಲಿದೆ ಎಂದು ಆ ದಿನದಿಂದ ಊರಿಗೆಲ್ಲ ಗೊತ್ತಾದಂತೆ. ಆದ್ದರಿಂದ ಅಪ್‌ಡೇಟ್ ನಿಂತ ಫೋನು ಇದ್ದಲ್ಲೇ ಇರುವುದಿಲ್ಲ, ತಿಂಗಳು ಕಳೆದ ಹಾಗೆ ಅದರ ಅಪಾಯ ಹೆಚ್ಚುತ್ತದೆ.

2015ರ ಜುಲೈನಲ್ಲಿ ಇದು ಜಗತ್ತಿಗೆಲ್ಲ ಅರಿವಾಯಿತು. ಆಂಡ್ರಾಯ್ಡ್‌ನಲ್ಲಿ ವಿಡಿಯೊ ತೋರಿಸುವ ಭಾಗದ ಹೆಸರು ಸ್ಟೇಜ್‌ಫ್ರೈಟ್. ಅದರಲ್ಲಿ ಜಿಂಪೇರಿಯಂ ಎಂಬ ಸಂಸ್ಥೆಯ ಸಂಶೋಧಕರೊಬ್ಬರು ದೊಡ್ಡ ಕಿಂಡಿ ಕಂಡರು. ಎದುರಿನವರ ನಂಬರ್ ಗೊತ್ತಿದ್ದರೆ ಸಾಕು, ಒಂದು ಮಲ್ಟಿಮೀಡಿಯಾ ಸಂದೇಶ ಕಳಿಸಿ ಫೋನಿನೊಳಗೆ ನುಗ್ಗಬಹುದಿತ್ತು. ಮಾಲೀಕ ಅದನ್ನು ಮುಟ್ಟಬೇಕಾಗಿಯೂ ಇರಲಿಲ್ಲ. ಸುಮಾರು 95 ಕೋಟಿ ಫೋನುಗಳು ಈ ಅಪಾಯಕ್ಕೆ ಒಳಗಾಗಿವೆ ಎಂದು ಆಗ ಅಂದಾಜು ಮಾಡಲಾಯಿತು. ಗೂಗಲ್ ತಿದ್ದುಪಡಿಯನ್ನು ಬೇಗನೆ ತನ್ನ ಮೂಲ ಸಂಕೇತಕ್ಕೆ ಸೇರಿಸಿತು. ಆದರೆ ಅದು ಆ ಕೋಟ್ಯಂತರ ಫೋನುಗಳನ್ನು ತಲುಪುವ ದಾರಿ ಗೂಗಲ್‌ನ ಕೈಯಲ್ಲಿ ಇರಲಿಲ್ಲ.

ಆ ಘಟನೆಯ ಬೆನ್ನಿಗೇ, 2015ರ ಆಗಸ್ಟ್‌ನಿಂದ, ಗೂಗಲ್ ಪ್ರತಿ ತಿಂಗಳೂ ಭದ್ರತಾ ಪ್ರಕಟಣೆ ಹೊರಡಿಸಲು ತೊಡಗಿತು. ಈ ತಿದ್ದುಪಡಿ ನಮ್ಮ ಜೇಬಿನವರೆಗೆ ಬರುವ ದಾರಿಯನ್ನು ನೋಡಿ. ನಾಲೆಯ ನೀರಿನ ಹಾಗೆ ಅಂದುಕೊಳ್ಳಿ. ಜಲಾಶಯದಿಂದ ಗೂಗಲ್ ನೀರು ಬಿಡುತ್ತದೆ. ಮೊದಲ ತೂಬು ಚಿಪ್ ಕಂಪನಿಯದು: ಕ್ವಾಲ್‌ಕಾಮ್, ಮೀಡಿಯಾಟೆಕ್, ಯುನಿಸಾಕ್ ಇತ್ಯಾದಿ. ತಮ್ಮ ಚಿಪ್ಪಿಗೆ ಸಂಬಂಧಿಸಿದ ಭಾಗವನ್ನು ಅವರೇ ತಿದ್ದಿ ಕೊಡಬೇಕು. ಎರಡನೆಯ ತೂಬು ಫೋನು ಕಂಪನಿಯದು. ಅವರು ತಮ್ಮ ಬದಲಾವಣೆಗಳ ಜೊತೆ ಇದು ಹೊಂದುತ್ತದೆಯೇ ಎಂದು ಪ್ರತಿ ಮಾದರಿಯ ಮೇಲೂ ಪರೀಕ್ಷೆ ಮಾಡಬೇಕು. ಕೆಲವು ದೇಶಗಳಲ್ಲಿ ಸಿಮ್ ಕಂಪನಿಯದೂ ಒಂದು ತೂಬು ಇರುತ್ತದೆ. ಇಷ್ಟು ದಾಟಿ ನಮ್ಮ ಗದ್ದೆಗೆ ಬರಬೇಕು. ನಾಲೆಯ ಕೊನೆಯ ಭಾಗದ ರೈತರ ಪಾಡು ತಮಗೆ ಗೊತ್ತೇ ಇದೆ. ಜಲಾಶಯ ತುಂಬಿದ್ದರೂ ಕೊನೆಯ ಗದ್ದೆ ಒಣಗಬಹುದು.

ಆ ಕೊನೆಯ ಗದ್ದೆ ಯಾವುದು? ಕಡಿಮೆ ಬೆಲೆಯ ಫೋನು. ಇದಕ್ಕೆ ಕಾರಣ ವ್ಯಾಪಾರದ ಲೆಕ್ಕ. ಕಂಪನಿಗೆ ಹಣ ಬರುವುದು ಫೋನು ಮಾರಿದ ದಿನ. ಆಮೇಲೆ ಕಳಿಸುವ ಅಪ್‌ಡೇಟಿಗೆ ಎಂಜಿನಿಯರುಗಳ ಸಂಬಳ ಖರ್ಚಾಗುತ್ತದೆ, ವರಮಾನ ಬರುವುದಿಲ್ಲ. ಐವತ್ತು ಸಾವಿರದ ಫೋನಿನಲ್ಲಿ ಆ ಖರ್ಚಿಗೆ ಲಾಭದ ಅಂಚು ಇದೆ. ಏಳು ಸಾವಿರದ ಫೋನಿನಲ್ಲಿ ಅಂಚು ತೆಳ್ಳಗೆ. ಅದೂ ಅಲ್ಲದೆ ಕಡಿಮೆ ಬೆಲೆಯಲ್ಲಿ ಸಣ್ಣ ಸಣ್ಣ ವ್ಯತ್ಯಾಸದ ಹತ್ತಾರು ಮಾದರಿಗಳನ್ನು ವರ್ಷವರ್ಷವೂ ಬಿಡುತ್ತಾರೆ. ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ ಬೇಕು. ಹೊಸ ಮಾದರಿ ಬಂದ ಮೇಲೆ ಹಳೆಯದು ಮೂಲೆ ಸೇರುತ್ತದೆ.

ಇದು ನನ್ನ ಊಹೆಯಲ್ಲ, ಅಳೆದು ನೋಡಿದವರಿದ್ದಾರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 20 ಸಾವಿರಕ್ಕೂ ಹೆಚ್ಚು ಫೋನುಗಳ ಮಾಹಿತಿ ಕೂಡಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಆಯ್ದುಕೊಂಡ 11 ಗಂಭೀರ ಕಿಂಡಿಗಳಲ್ಲಿ ಒಂದಾದರೂ ತೆರೆದೇ ಇದ್ದ ಫೋನುಗಳು ಸರಾಸರಿ ಶೇ. 87.7. ಒಂದು ಫೋನಿಗೆ ವರ್ಷಕ್ಕೆ ಸಿಗುತ್ತಿದ್ದ ಅಪ್‌ಡೇಟ್ ಸರಾಸರಿ 1.26. 2018ರಲ್ಲಿ ಜರ್ಮನಿಯ ಸೆಕ್ಯುರಿಟಿ ರಿಸರ್ಚ್ ಲ್ಯಾಬ್ಸ್‌ನವರು ಇನ್ನೊಂದು ಸಂಗತಿ ಹೊರಗಿಟ್ಟರು. ಕೆಲವು ಫೋನುಗಳ ಪರದೆಯ ಮೇಲೆ ಇಂಥ ತಿಂಗಳವರೆಗಿನ ತಿದ್ದುಪಡಿ ಹಾಕಿದೆ ಎಂದು ತಾರೀಖು ಇದ್ದರೂ ಒಳಗೆ ಅದರಲ್ಲಿ ಕೆಲವು ಹಾಕಿರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹಾಜರು, ತರಗತಿಯಲ್ಲಿ ಗೈರು.

ಐಫೋನಿನಲ್ಲಿ ಹೀಗೇಕಿಲ್ಲ ಎಂದು ಮಕ್ಕಳು ಕೇಳಬಹುದು. ಅಲ್ಲಿ ಫೋನು, ಚಿಪ್ಪು, ತಂತ್ರಾಂಶ ಮೂರೂ ಆ್ಯಪಲ್ ಎಂಬ ಒಂದೇ ಮನೆಯವು. ನಾಲೆಗೆ ಒಂದೇ ತೂಬು. 2013ರಲ್ಲಿ ಬಂದ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಭದ್ರತಾ ತಿದ್ದುಪಡಿ ಬಂತು. ಒಂಬತ್ತು ವರ್ಷ ದಾಟಿದ ಫೋನಿಗೆ! ಆದರೆ ಆ ಫೋನಿನ ಬೆಲೆ ಕೊಡುವ ಶಕ್ತಿ ನಮ್ಮ ಊರಿನ ಎಷ್ಟು ಮನೆಗಳಿಗಿದೆ?

ಅಪ್‌ಡೇಟ್ ನಿಂತರೆ ದಿನನಿತ್ಯ ಏನಾಗುತ್ತದೆ? ಮೊದಲು ಆ್ಯಪ್‌ಗಳು ಒಂದೊಂದಾಗಿ ಕೈಬಿಡುತ್ತವೆ. ವಾಟ್ಸಾಪ್ 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಆವೃತ್ತಿಗಳಿಗೆ ಬೆಂಬಲ ನಿಲ್ಲಿಸಿತು. ಬ್ಯಾಂಕುಗಳ ಆ್ಯಪ್‌ಗಳೂ ಕಾಲಕಾಲಕ್ಕೆ ಹಾಗೇ ಮಾಡುತ್ತವೆ. ಅವರು ಮಾಡುವುದರಲ್ಲೂ ನ್ಯಾಯವಿದೆ. ಕಿಂಡಿ ಇರುವ ಮನೆಯಲ್ಲಿ ತಿಜೋರಿ ಇಡಬೇಡಿ ಎನ್ನುತ್ತಿದ್ದಾರೆ. 2016ರಲ್ಲಿ ಯುಪಿಐ ಬಂದ ಮೇಲೆ ನಮ್ಮ ಸಂತೆಯ ಸೊಪ್ಪಿನ ವ್ಯಾಪಾರವೂ ಫೋನಿನಲ್ಲೇ ನಡೆಯುತ್ತಿದೆ. ಫೋನು ಹಳತಾಗಿ ಹಣದ ಆ್ಯಪ್ ನಿಂತರೆ ಅಂದಿನ ವ್ಯಾಪಾರ ನಿಂತಂತೆ. ನಿಲ್ಲದೆ ನಡೆಯುತ್ತಿದ್ದರೆ ಒಳಗಿನ ಕಿಂಡಿ ಕಾಣುವುದಿಲ್ಲ. ಯಾವುದು ಹೆಚ್ಚು ಕಷ್ಟ ಎಂದು ಹೇಳುವುದು ಸುಲಭವಲ್ಲ.

ಇಡೀ ಅಂತರ್ಜಾಲವೇ ಮುಚ್ಚಿಕೊಳ್ಳುವ ಸಂದರ್ಭವೂ ಒಮ್ಮೆ ಬಂದಿತ್ತು. ಜಾಲತಾಣ ಅಸಲಿಯೋ ನಕಲಿಯೋ ಎಂದು ಗುರುತಿಸಲು ಫೋನಿನಲ್ಲಿ ನಂಬಿಕಸ್ಥ ಮೊಹರುಗಳ ಪಟ್ಟಿ ಇರುತ್ತದೆ. ಆ ಪಟ್ಟಿ ಹೊಸದಾಗುವುದು ಮುಖ್ಯವಾಗಿ ಅಪ್‌ಡೇಟಿನಿಂದ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಕೋಟ್ಯಂತರ ಜಾಲತಾಣಗಳಿಗೆ ಉಚಿತವಾಗಿ ಮೊಹರು ಕೊಡುತ್ತದೆ. ಅದರ ಹಳೆಯ ಮೊಹರಿನ ಅವಧಿ 2021ರ ಸೆಪ್ಟೆಂಬರ್‌ಗೆ ಮುಗಿಯುವುದಿತ್ತು. ಹೊಸ ಮೊಹರು 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್‌ಗೆ ಗೊತ್ತೇ ಇರಲಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಅಂಥವು ಶೇ. 33.8 ಇವೆ ಎಂದು 2020ರ ನವೆಂಬರ್‌ನಲ್ಲಿ ಅವರು ಎಚ್ಚರಿಸಿದರು. ಅಂದರೆ ಮೂರರಲ್ಲಿ ಒಂದು. ಕೊನೆಗೆ ಅವರೇ ಒಂದು ಉಪಾಯ ಹುಡುಕಿ ಇನ್ನೂ ಮೂರು ವರ್ಷ ಹಳೆಯ ಫೋನುಗಳು ನಡೆಯುವಂತೆ ಮಾಡಿದರು. ಫೋನು ಮಾರಿದವರು ಮಾಡಬೇಕಾದ ಕೆಲಸವನ್ನು ಯಾರೋ ದೂರದ ಪುಣ್ಯಾತ್ಮರು ಮಾಡಿದ ಹಾಗಾಯಿತು.

ಈಗ ನಮ್ಮ ಮನೆಗಳ ಒಳಗೆ ನೋಡೋಣ. ಹೊಸ ಫೋನು ಬಂದರೆ ಅದು ದುಡಿಯುವ ಮಗನಿಗೋ ಮಗಳಿಗೋ. ಅವರ ಹಳೆಯದು ಅಮ್ಮನಿಗೆ. ಅಮ್ಮನದು ಅಜ್ಜನಿಗೆ ಅಥವಾ ಓದುವ ಮಕ್ಕಳಿಗೆ. ಸೀರೆ, ಸ್ವೆಟರು, ಸೈಕಲ್ಲು ಹೀಗೆ ಕೈ ಬದಲಾದರೆ ಚಿಂತೆಯಿಲ್ಲ, ಅದು ನಮ್ಮ ಮನೆಗಳ ಒಳ್ಳೆಯ ಪದ್ಧತಿ. ಫೋನಿನ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಪೋಲಿ ಕರೆ, ಸುಳ್ಳು ಲಿಂಕು ಗುರುತಿಸುವ ಅಭ್ಯಾಸ ಕಡಿಮೆ ಇರುವವರ ಕೈಗೆ ಕಿಂಡಿ ಹೆಚ್ಚಿರುವ ಫೋನು ಸೇರುತ್ತದೆ. ಅಜ್ಜನ ಪಿಂಚಣಿ ಬರುವ ಖಾತೆ ಅದೇ ಫೋನಿಗೆ ಜೋಡಣೆಯಾಗಿರುತ್ತದೆ.

ಮಕ್ಕಳ ವಿಷಯವೂ ಅಷ್ಟೇ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಫೋನು ಇರುವವರು, ಇಲ್ಲದವರು ಎಂದು ಮಕ್ಕಳು ಎರಡು ಭಾಗವಾದದ್ದು ಎಲ್ಲರಿಗೂ ಕಂಡಿತು. ವಿದ್ಯಾಗಮ ಕಾರ್ಯಕ್ರಮದಲ್ಲಿ ಮೇಷ್ಟ್ರು, ಮೇಡಂಗಳು ಮಕ್ಕಳಿದ್ದಲ್ಲಿಗೇ ಬಂದು ಗುಡಿಯ ಜಗಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಅವರಿಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ. ಆದರೆ ಮೂರನೆಯ ಭಾಗವೊಂದಿತ್ತು, ಅದು ಅಷ್ಟಾಗಿ ಎಣಿಕೆಗೆ ಸಿಗಲಿಲ್ಲ. ಫೋನು ಇದೆ, ಆದರೆ ಪಾಠದ ಆ್ಯಪ್ ಅದರಲ್ಲಿ ಇಳಿಯುವುದಿಲ್ಲ. ‘ಈ ಸಾಧನಕ್ಕೆ ಹೊಂದುವುದಿಲ್ಲ’ ಎಂಬ ಒಂದು ಸಾಲು ತೋರಿಸಿ ನಿಂತುಬಿಡುತ್ತದೆ. ಸಮೀಕ್ಷೆಯವರು ಬಂದು ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ ಎಂದು ಕೇಳಿದರೆ ಉತ್ತರ ‘ಇದೆ’. ಮುಂದೆ ಯಾರಾದರೂ ಅಂಥ ಪಟ್ಟಿ ಮಾಡುವಾಗ ಯಾವ ಆವೃತ್ತಿ ಎಂಬ ಪ್ರಶ್ನೆಯನ್ನೂ ಸೇರಿಸಬೇಕು ಎಂದು ಇಲ್ಲಿರುವ ಶಿಕ್ಷಕರಲ್ಲಿ ನನ್ನ ವಿನಂತಿ.

ಇದನ್ನು ಸರಿಪಡಿಸುವ ಪ್ರಯತ್ನ ನಡೆದೇ ಇಲ್ಲವೆಂದು ತಿಳಿಯಬೇಡಿ. ಒಂದು ದೊಡ್ಡ ಪ್ರಯತ್ನ ನಮ್ಮ ದೇಶದಲ್ಲೇ ಆರಂಭವಾಯಿತು. 2014ರ ಸೆಪ್ಟೆಂಬರ್‌ನಲ್ಲಿ ಗೂಗಲ್ ದೆಹಲಿಯಲ್ಲಿ ಆಂಡ್ರಾಯ್ಡ್ ಒನ್ ಎಂಬ ಯೋಜನೆ ಪ್ರಕಟಿಸಿತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಎಂಬ ಮೂರು ಭಾರತೀಯ ಕಂಪನಿಗಳ ಫೋನುಗಳು ಬಂದವು. ಬೆಲೆ 6,399 ರೂಪಾಯಿಯಿಂದ ಶುರು. ಕಂಪನಿ ಯಾವುದಾದರೂ ಅಪ್‌ಡೇಟಿನ ಹೊಣೆ ಗೂಗಲ್‌ನದು ಎಂಬುದು ಅದರ ತಿರುಳು. ಆಲೋಚನೆ ಚೆನ್ನಾಗಿತ್ತು. ಆದರೆ ಎಲ್ಲರ ಫೋನೂ ಒಂದೇ ತರಹ ಇದ್ದರೆ ತಮ್ಮದನ್ನು ಗಿರಾಕಿ ಏಕೆ ಆರಿಸಬೇಕು ಎಂಬುದು ತಯಾರಕರ ಪ್ರಶ್ನೆ. ಮುಂದೆ ಬೇರೆ ಕಂಪನಿಗಳು ಸ್ವಲ್ಪ ಹೆಚ್ಚಿನ ಬೆಲೆಯಲ್ಲಿ ಅದೇ ಹೆಸರಿನ ಫೋನುಗಳನ್ನು ತಂದವು. ಕ್ರಮೇಣ ಯೋಜನೆ ಸೊರಗಿತು.

ಆಮೇಲೆ ಗೂಗಲ್ ಒಳಗಿನ ಕಟ್ಟಡವನ್ನೇ ಬದಲಿಸಲು ಹೊರಟಿತು. 2017ರ ಆಂಡ್ರಾಯ್ಡ್ 8ರಲ್ಲಿ ಟ್ರೆಬಲ್ ಎಂಬ ವ್ಯವಸ್ಥೆ ತಂದಿತು. ಮೊದಲು ಗೂಗಲ್ ಬರೆದ ಭಾಗ, ಚಿಪ್ ಕಂಪನಿ ಬರೆದ ಭಾಗ ಎರಡೂ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿದ್ದವು. ಒಂದನ್ನು ಬದಲಿಸಲು ಇನ್ನೊಂದನ್ನೂ ಕೊರೆಯಬೇಕಿತ್ತು. ಈಗ ಅವನ್ನು ನಟ್ಟು ಬೋಲ್ಟು ಹಾಕಿ ಜೋಡಿಸಿದಂತೆ ಆಯಿತು. ಮೇಲಿನದನ್ನು ಬಿಚ್ಚಿ ಹೊಸದು ಕೂರಿಸುವುದು ಸುಲಭವಾಯಿತು. 2019ರ ಆಂಡ್ರಾಯ್ಡ್ 10ರಲ್ಲಿ ಮೇನ್‌ಲೈನ್ ಎಂಬ ಇನ್ನೊಂದು ವ್ಯವಸ್ಥೆ ಬಂತು. ಕೆಲವು ಮುಖ್ಯ ಭಾಗಗಳ ತಿದ್ದುಪಡಿಯನ್ನು ಫೋನು ಕಂಪನಿಯ ತೂಬಿಗೆ ಕಾಯದೆ ಗೂಗಲ್ ನೇರವಾಗಿ ಕಳಿಸುತ್ತದೆ. ಇವುಗಳಿಂದ ಪರಿಸ್ಥಿತಿ ಸುಧಾರಿಸಿದೆ, ಪೂರ್ತಿ ಸರಿಯಾಗಿಲ್ಲ.

ಮನಸ್ಸಿದ್ದರೆ ಎಷ್ಟು ವರ್ಷ ನಡೆಸಬಹುದು ಎಂಬುದಕ್ಕೆ ನೆದರ್ಲೆಂಡ್ಸ್‌ನ ಫೇರ್‌ಫೋನ್ ಎಂಬ ಸಣ್ಣ ಕಂಪನಿಯ ಉದಾಹರಣೆ ಇದೆ. ಅದು 2015ರಲ್ಲಿ ತಂದ ಫೇರ್‌ಫೋನ್ 2ರ ಚಿಪ್ಪಿಗೆ ಚಿಪ್ ಕಂಪನಿಯ ಬೆಂಬಲ ನಡುವೆಯೇ ನಿಂತುಹೋಯಿತು. ಆದರೂ ಆಂಡ್ರಾಯ್ಡ್ 5ರಿಂದ ಹೊರಟ ಆ ಫೋನನ್ನು ಅವರು ಆಂಡ್ರಾಯ್ಡ್ 10ರವರೆಗೆ ತಂದರು. ಕೊನೆಯ ಅಪ್‌ಡೇಟ್ ಕೊಟ್ಟದ್ದು 2023ರಲ್ಲಿ. ಏಳು ವರ್ಷ! ಅಲ್ಲಿಗೆ, ಎರಡು ವರ್ಷಕ್ಕೆ ಫೋನು ಹಳತಾಗುವುದು ಪ್ರಕೃತಿ ನಿಯಮವೇನಲ್ಲ ಎಂದಾಯಿತು. ಈಗ ದೊಡ್ಡವರೂ ಅದೇ ಮಾತು ಆಡುತ್ತಿದ್ದಾರೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷದ ಅಪ್‌ಡೇಟಿನ ಮಾತು ಕೊಟ್ಟಿವೆ. ಇವು ದುಬಾರಿ ಫೋನುಗಳು ಎಂಬುದನ್ನು ಮರೆಯಬಾರದು. ಮಾತು ಮೇಲಿನ ಗದ್ದೆಗೆ ಬಂದಿದೆ, ಕೊನೆಯ ಗದ್ದೆಗೆ ಬರಬೇಕಾಗಿದೆ.

ಕಾನೂನಿನಿಂದಲೂ ಇದು ಸಾಧ್ಯ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂದು ತಯಾರಕರು ಗಿರಾಕಿಗೆ ತಿಳಿಸಲೇಬೇಕು. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಅನ್ವಯವಾಗುತ್ತಿರುವ ನಿಯಮ ಇನ್ನೂ ಮುಂದೆ ಹೋಗಿದೆ. ಒಂದು ಮಾದರಿಯ ಕೊನೆಯ ಫೋನು ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ದೊರೆಯಬೇಕು ಎಂಬುದು ಅದರ ಆಶಯ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಎಂಬ ಜಾಲತಾಣ ತೆರೆದು, ರಿಪೇರಿ ಗಿರಾಕಿಯ ಹಕ್ಕು ಎಂಬ ಮಾತನ್ನು ಮುನ್ನೆಲೆಗೆ ತಂದಿದೆ. ಗಾಜು, ಬ್ಯಾಟರಿ ಬದಲಿಸುವುದು ರಿಪೇರಿಯಾದರೆ ಕಿಂಡಿ ಮುಚ್ಚುವುದೂ ರಿಪೇರಿಯೇ ತಾನೆ? ಬೀಜದ ಪೊಟ್ಟಣದ ಮೇಲೆ ತಾರೀಖು ಹಾಕಿಸಿದ ನಾಡು ಫೋನಿನ ಪೆಟ್ಟಿಗೆಯ ಮೇಲೂ ಹಾಕಿಸಬಲ್ಲದು. ಕೇಳುವವರು ನಾವಾಗಬೇಕು.

‘ಅಪ್‌ಡೇಟ್ ಮಾಡಿದರೆ ಫೋನು ನಿಧಾನ ಆಗುತ್ತಪ್ಪ, ಅದಕ್ಕೇ ನಾನು ಒತ್ತೋದೇ ಇಲ್ಲ’ ಎನ್ನುವವರು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಅಪ್‌ಡೇಟಿನ ಮೂಲಕ ಕಡಿಮೆ ಮಾಡಿದ್ದೇವೆ ಎಂದು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ತಾನೇ ಹೇಳಬೇಕಾಯಿತು. ಮೆಮೊರಿ ಕಡಿಮೆ ಇರುವ ಫೋನಿಗೆ ದೊಡ್ಡ ಆವೃತ್ತಿ ಭಾರವಾಗುವುದೂ ಉಂಟು. ಆದರೆ ಎರಡು ಬಗೆಯ ಅಪ್‌ಡೇಟ್ ಇದೆ ಎಂಬುದನ್ನು ತಿಳಿಯಿರಿ. ಒಂದು ಆವೃತ್ತಿಯನ್ನೇ ಬದಲಿಸುವುದು, ಆಂಡ್ರಾಯ್ಡ್ 13ರಿಂದ 14ಕ್ಕೆ ಹೋದ ಹಾಗೆ. ಇನ್ನೊಂದು ಭದ್ರತೆಯ ತಿದ್ದುಪಡಿ, ಗಾತ್ರದಲ್ಲಿ ಸಾಮಾನ್ಯವಾಗಿ ಚಿಕ್ಕದು. ಮೊದಲನೆಯದನ್ನು ಯೋಚಿಸಿ ಮಾಡಿ. ಎರಡನೆಯದನ್ನು ಮುಂದೂಡಬೇಡಿ.

ಇನ್ನು ಮನೆಗೆ ಹೋಗಿ ಮಾಡಬೇಕಾದ ಕೆಲಸ. ಫೋನಿನ ಸೆಟ್ಟಿಂಗ್ಸ್ ತೆರೆದು ಕೊನೆಯಲ್ಲಿರುವ ‘ಫೋನ್ ಕುರಿತು’ ಎಂಬುದನ್ನು ಒತ್ತಿ. ಆಂಡ್ರಾಯ್ಡ್ ಎಷ್ಟನೆಯ ಆವೃತ್ತಿ ಎಂದು ಕಾಣುತ್ತದೆ. ಅಲ್ಲೇ ಅಥವಾ ಭದ್ರತೆಯ ಪುಟದಲ್ಲಿ ಸೆಕ್ಯುರಿಟಿ ಅಪ್‌ಡೇಟಿನ ತಾರೀಖು ಇರುತ್ತದೆ. ಅದು ಎರಡು ಮೂರು ತಿಂಗಳ ಒಳಗಿನದಾದರೆ ನೆಮ್ಮದಿ. ವರ್ಷ ದಾಟಿದ್ದರೆ ಮೊದಲು ಅಪ್‌ಡೇಟ್ ಬಂದಿದೆಯೇ ಎಂದು ಹುಡುಕಿ, ಬಂದಿದ್ದರೆ ಹಾಕಿಕೊಳ್ಳಿ. ಬಂದೇ ಇಲ್ಲವೆಂದರೆ ಆ ಫೋನಿನ ಕಾಲ ಮುಗಿದಿದೆ ಎಂದು ಲೆಕ್ಕ.

ಕಾಲ ಮುಗಿದ ಫೋನನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ರೇಡಿಯೊ ಕೇಳಬಹುದು, ಹಾಡು ಕೇಳಬಹುದು, ಫೋಟೋ ತೆಗೆಯಬಹುದು, ಮಾತಾಡಬಹುದು. ಹಣದ ಆ್ಯಪ್‌ಗಳನ್ನು ಮಾತ್ರ ಅದರಿಂದ ತೆಗೆದು, ಮನೆಯಲ್ಲಿ ಯಾರ ಫೋನಿನ ತಾರೀಖು ಹೊಸದೋ ಅದರಲ್ಲಿಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆಡೆಯಿಂದ ಆ್ಯಪ್ ಹಾಕಬೇಡಿ. ಮದುವೆ ಕರೆಯೋಲೆ, ಸರ್ಕಾರಿ ಯೋಜನೆ, ವಾಹನದ ದಂಡ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಕಡತವನ್ನು ಮುಟ್ಟಲೇಬೇಡಿ. ಅಪ್‌ಡೇಟ್ ಆಗಿರುವ ಫೋನಿಗೂ ಇದು ಅಪಾಯ, ಆಗದಿರುವುದಕ್ಕೆ ಇನ್ನೂ ಅಪಾಯ. ಹಣ ಹೋಯಿತೆಂದರೆ ನಾಚಿಕೆಯಿಂದ ಕೂರದೆ ಕೂಡಲೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಗಂಟೆಗಳು ಬಹಳ ಮುಖ್ಯ.

ಹೊಸ ಫೋನು ಕೊಳ್ಳುವಾಗ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ‘ಸ್ವಾಮಿ, ಇದಕ್ಕೆ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ? ಮಾದರಿ ಬಿಡುಗಡೆಯಾದದ್ದು ಯಾವಾಗ?’ ಎರಡನೆಯ ಪ್ರಶ್ನೆಯೂ ಮುಖ್ಯ, ಏಕೆಂದರೆ ಕಂಪನಿಗಳು ಬಹಳ ಸಲ ವರ್ಷವನ್ನು ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಮಾದರಿ ಬಿಡುಗಡೆಯಾದ ದಿನದಿಂದ. ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷದ ಹಿಂದಿನ ಮಾದರಿಯ ಆಯಸ್ಸಿನಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತದೆ. ಏಳು ಸಾವಿರದ ಫೋನು ಎರಡು ವರ್ಷ ನಡೆದರೆ ವರ್ಷಕ್ಕೆ ಮೂರೂವರೆ ಸಾವಿರ ಬಿತ್ತು. ಹನ್ನೆರಡು ಸಾವಿರದ್ದು ಐದು ವರ್ಷ ನಡೆದರೆ ವರ್ಷಕ್ಕೆ 2,400. ಯಾವುದು ಅಗ್ಗ ಎಂಬ ಲೆಕ್ಕ ಎಂಟನೆಯ ತರಗತಿಯ ಮಕ್ಕಳಿಗೂ ಬರುತ್ತದೆ. ಅಂಗಡಿಯವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಅವರು ಕಂಪನಿಯವರನ್ನು ಕೇಳುತ್ತಾರೆ. ಕೇಳದೆ ಯಾವ ತಾರೀಖೂ ಯಾವ ಪೆಟ್ಟಿಗೆಯ ಮೇಲೂ ಬಂದಿಲ್ಲ.

ಕೊನೆಯದಾಗಿ ಮಕ್ಕಳಿಗೆ ಒಂದು ಮನೆಗೆಲಸ, ಗುರುಗಳ ಅಪ್ಪಣೆ ಇದ್ದರೆ. ಒಂಬತ್ತನೆಯ ತರಗತಿಯವರು ತಂತಮ್ಮ ಬೀದಿಯ ಹತ್ತು ಮನೆಗೆ ಹೋಗಿ, ಹಿರಿಯರ ಫೋನಿನ ಆವೃತ್ತಿ ಮತ್ತು ಭದ್ರತಾ ತಾರೀಖು ಎರಡನ್ನೇ ಬರೆದುಕೊಳ್ಳಿ. ಹೆಸರು ಬೇಡ, ನಂಬರ್ ಬೇಡ, ಪಾಸ್‌ವರ್ಡ್ ಅಂತೂ ಕೇಳಲೇಬಾರದು. ಅಪ್‌ಡೇಟ್ ಬಂದು ಕೂತಿದ್ದರೆ ಅಜ್ಜಿಯ ಎದುರಿಗೇ ಹಾಕಿಕೊಟ್ಟು ಬನ್ನಿ. ಬರೆದದ್ದನ್ನು ಗಣಿತದ ತರಗತಿಯಲ್ಲಿ ಸ್ತಂಭಾಲೇಖ ಮಾಡಿ ಶಾಲೆಯ ಗೋಡೆಗೆ ಅಂಟಿಸಿ. ನಮ್ಮ ಊರಿನ ಫೋನುಗಳಲ್ಲಿ ಎಷ್ಟರ ಬೇಲಿ ಗಟ್ಟಿಯಿದೆ, ಎಷ್ಟರದ್ದು ಬಿದ್ದಿದೆ ಎಂದು ಯಾವ ಕಂಪನಿಯೂ ಬಂದು ಹೇಳುವುದಿಲ್ಲ. ಈ ಶಾಲೆಯ ಮಕ್ಕಳು ಹೇಳಬಲ್ಲರು. ಆ ಹಾಳೆಯನ್ನು ಗ್ರಾಮ ಸಭೆಯಲ್ಲಿ ಓದಿ. ಪ್ರತಿಯೊಂದನ್ನು ಗ್ರಾಹಕ ವ್ಯವಹಾರಗಳ ಇಲಾಖೆಗೆ ಅಂಚೆಯಲ್ಲಿ ಕಳಿಸಿ, ಪೆಟ್ಟಿಗೆಯ ಮೇಲೆ ತಾರೀಖು ಬೇಕು ಎಂದು ಒಂದು ಸಾಲು ಬರೆಯಿರಿ. ಅರ್ಜಿ ಬರೆಯುವುದನ್ನು ಕನ್ನಡ ಪಾಠದಲ್ಲಿ ಕಲಿಸಿಯೇ ಇರುತ್ತಾರೆ.

 ಊಟದ ಹೊತ್ತಿನಲ್ಲಿ ನಾನು ಎರಡನೆಯ ಕೊಠಡಿಯಲ್ಲಿ ಇರುತ್ತೇನೆ. ತಾರೀಖು ನೋಡಿಸಿಕೊಳ್ಳಬೇಕು ಎನ್ನುವವರು ಫೋನು ತನ್ನಿ.